ನೂರಕ್ಕೆ ನಾಲ್ಕು

ಗಂಜಿ ಕುಡಿಸಿದ ನೂಲು ಬಿಸಿಲಿಗೆ ಒಣಗುವಾಗ ಒಂದು ವಾಸನೆ ಏಳುತ್ತದೆ. ಹುಳಿಯೂ ಅಲ್ಲ, ಸಿಹಿಯೂ ಅಲ್ಲ. ಆಗಷ್ಟೇ ಬಸಿದ ಅನ್ನದ ತಿಳಿ ಎಲ್ಲೋ ಚೆಲ್ಲಿದೆ ಅನ್ನಿಸುವಂಥ ವಾಸನೆ. ಬೆಟಗೇರಿಯ ನೇಕಾರ ಓಣಿಯಲ್ಲಿ ಅಜ್ಜಿಯ ಸೆರಗು ಹಿಡಿದು ಬೆಳೆದ ಇಂಪನಾಳಿಗೆ ಅದು ಬಾಲ್ಯದ ವಾಸನೆ. ಓಣಿಯ ಮಗ್ಗಗಳು ನಿಂತು ಎಷ್ಟೋ ವರ್ಷಗಳಾಗಿದ್ದವು. ಆದರೂ ಆ ಸೋಮವಾರ ಬೆಳಿಗ್ಗೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ನಾಲಿಗೆಯ ಕೆಳಗೆ ಇಟ್ಟಿದ್ದ ಕಾಗದದ ಪಟ್ಟಿಯನ್ನು ಹೊರಗೆ ತೆಗೆದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಪಟ್ಟಿಗೆ ಬಳಿದಿದ್ದ ರಾಸಾಯನಿಕಗಳನ್ನು ಹಿಡಿದಿಡಲು ಗಂಜಿಯನ್ನೇ ಅಂಟಾಗಿ ಬಳಸಿದ್ದರು. ಒಂದು ಕ್ಷಣ ಅವಳಿಗೆ ತಾನು ಮೂವತ್ತೆರಡು ವರ್ಷದ ಹೆಂಗಸೆಂಬುದೇ ಮರೆತುಹೋಯಿತು. ಆಮೇಲೆ ಪಟ್ಟಿಯನ್ನು ಮುಂಗಾಣಿಯ ಸೀಳಿನೊಳಗೆ ತೂರಿಸಿದಳು.

ಮುಂಗಾಣಿ ಬೆಂಕಿಪೊಟ್ಟಣದಷ್ಟು ದೊಡ್ಡದು. ಎರಡು ಸಾವಿರದ ಐವತ್ತನಾಲ್ಕರ ಆ ಜೂನ್ ಹೊತ್ತಿಗೆ ಅದು ಬಳಕೆಗೆ ಬಂದು ಆರು ವರ್ಷ ಕಳೆದಿತ್ತು. ಗ್ರಂಥಾಲಯಗಳಲ್ಲಿ, ಬಸ್ ನಿಲ್ದಾಣದ ಹೆಂಗಸರ ಕೋಣೆಗಳಲ್ಲಿ, ಯಾರನ್ನೂ ಕೇಳದೆ ಎತ್ತಿಕೊಳ್ಳುವ ಹಾಗೆ ಇಟ್ಟಿರುತ್ತಿದ್ದರು. ಅದರ ಕೆಲಸ ಒಂದೇ. ಗಂಡು ಹೆಣ್ಣು ಯಾವ ತಡೆಯೂ ಇಲ್ಲದೆ ಕೂಡಿದ ಮೇಲೆ ಬಸಿರು ನಿಲ್ಲುವ ಸಾಧ್ಯತೆ ಎಷ್ಟು ಎಂದು ಹೇಳುವುದು. ಬಸಿರಿನ ಪರೀಕ್ಷೆಗಾದರೆ ಎರಡು ಮೂರು ವಾರ ಕಾಯಬೇಕು. ಅಷ್ಟರಲ್ಲಿ ಅದನ್ನು ತಡೆಯುವ ಮಾತ್ರೆಯ ಹೊತ್ತು ಮೀರಿರುತ್ತದೆ. ಮುಂಗಾಣಿ ಬಸಿರನ್ನು ಹುಡುಕುವುದೇ ಇಲ್ಲ. ತಿಂಗಳಿಗೊಮ್ಮೆ ಅಂಡಾಶಯದಿಂದ ಅಂಡ ಹೊರಬೀಳುವ ದಿನ ಎಷ್ಟು ಹತ್ತಿರವಿದೆ ಎಂದು ಲೆಕ್ಕ ಹಾಕುತ್ತದೆ. ಹೊರಬಿದ್ದ ಅಂಡದ ಆಯುಷ್ಯ ಒಂದು ದಿನ. ವೀರ್ಯಾಣು ಮಾತ್ರ ಐದು ದಿನದವರೆಗೂ ಒಳಗೆ ಕಾದು ಕೂತಿರಬಲ್ಲದು. ಇವೆರಡೂ ಎದುರಾಗುವ ಸಂಭವ ಎಷ್ಟು ಎಂಬುದನ್ನು ಉಗುಳಿನಲ್ಲಿರುವ ಹಾರ್ಮೋನುಗಳಿಂದಲೂ ಮುಟ್ಟಿನ ತಾರೀಖಿನಿಂದಲೂ ಅಂದಾಜು ಮಾಡಿ ನೂರಕ್ಕೆ ಇಷ್ಟು ಎಂದು ತೋರಿಸುತ್ತದೆ.

"ಕಳೆದ ಸಲದ ಮುಟ್ಟಿನ ತಾರೀಖು ಹೇಳಿ," ಎಂದಿತು ಮುಂಗಾಣಿ, ಪಕ್ಕದ ಮನೆಯವಳಂತಹ ಮೆಲುದನಿಯಲ್ಲಿ.

ಇಂಪನಾ ಯೋಚಿಸಬೇಕಾಗಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅತ್ತೆ ಇಟ್ಟಿದ್ದ ಕುಂಕುಮದ ಬೊಟ್ಟು ಕಣ್ಣಮುಂದೆ ಬಂತು. "ಆರು," ಎಂದಳು.

"ಕೂಡಿದ ದಿನ?"

"ನಿನ್ನೆ. ಹದಿನಾಲ್ಕು. ಸಂಜಿ ನಾಕಕ್ಕ." ಗಂಟೆಯನ್ನು ಅದು ಕೇಳಿರಲಿಲ್ಲ. ಹೇಳಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಪುಟ್ಟ ಪರದೆಯ ಮೇಲೆ ನಾಲ್ಕು ಎಂಬ ಅಂಕಿ ಮೂಡಿತು. ನೂರಕ್ಕೆ ನಾಲ್ಕು. ಅದರ ಪಕ್ಕದಲ್ಲಿ ಸಾಸಿವೆಯಷ್ಟು ದೊಡ್ಡ ಹಳದಿ ದೀಪ ಹೊತ್ತಿಕೊಂಡಿತು.

ಇಂಪನಾಳ ಗಂಡ ಗುರುನಾಥ ಮೆದುಳು ಜ್ವರದಿಂದ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಅವಳು ಅತ್ತೆ ಶಶಿಕಲಾಳ ಜೊತೆಗೇ ಉಳಿದಿದ್ದಳು. ಹೋಗಲು ಬೇರೆ ಕಡೆ ಇರಲಿಲ್ಲವೆಂದಲ್ಲ. ಏಳನೆಯ ವರ್ಷಕ್ಕೆ ತಾಯಿಯನ್ನು ಕಳೆದುಕೊಂಡವಳಿಗೆ ಈ ಮನೆಯಲ್ಲಿ ಸಿಕ್ಕ ತಾಯಿಯನ್ನು ಬಿಟ್ಟುಹೋಗಲು ಮನಸ್ಸಿರಲಿಲ್ಲ. ಶಶಿಕಲಾ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಮಗ ಹೋದ ಮೇಲೆ ಒಂದು ತಿಂಗಳು ಮಾತೇ ಆಡಿರಲಿಲ್ಲ. ಆಮೇಲೊಂದು ಬೆಳಿಗ್ಗೆ ಸೊಸೆಯ ತಲೆಗೆ ಎಣ್ಣೆ ಒತ್ತುತ್ತಾ, "ನೀ ಅದೀ ಅಂತ ನಾ ಅದೀನಿ ನೋಡು," ಅಂದಿದ್ದಳು. ಆ ಮಾತು ಇಂಪನಾಳೊಳಗೆ ಮೊಳೆ ಹೊಡೆದಂತೆ ಕೂತಿತ್ತು.

ಗೆಳೆಯ ಮಲ್ಹಾರಿಯ ವಿಷಯ ಅತ್ತೆಗೆ ಗೊತ್ತಿಲ್ಲವೆಂದೇ ಇಂಪನಾ ತಿಳಿದಿದ್ದಳು. ಅವನು ಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ಕ್ರೇನ್ ನಡೆಸುವವನು, ಇವಳು ಅದೇ ಯಂತ್ರಗಳ ರೆಕ್ಕೆಗಳ ತಪಾಸಣೆ ಮಾಡುವವಳು. ಒಂದೂವರೆ ವರ್ಷದಿಂದ ಅವನು "ಮನಿಗೆ ಬಂದು ಕೇಳ್ತೀನಿ" ಅನ್ನುತ್ತಿದ್ದ. ಇವಳು "ಇನ್ನೂ ಸ್ವಲ್ಪ ತಡಿ" ಅನ್ನುತ್ತಿದ್ದಳು. ಬಸಿರು ನಿಂತರೆ ತಡೆಯುವ ಮಾತೇ ಇರುವುದಿಲ್ಲ. ಮಗನನ್ನು ಕಳೆದುಕೊಂಡವಳ ಮುಂದೆ ನಿಂತು, ಇನ್ನೊಬ್ಬನ ಮಗು ನನ್ನ ಹೊಟ್ಟೆಯಲ್ಲಿದೆ ಎಂದು ಹೇಳಬೇಕಾಗುತ್ತದೆ.

ಸೋಮವಾರ ಮಧ್ಯಾಹ್ನ ಮಲ್ಹಾರಿಗೆ ಅಂಕಿ ಹೇಳಿದಾಗ ಅವನು ಉಸಿರು ಬಿಟ್ಟ.

"ನಾಕಂದ್ರ ಏನೂ ಇಲ್ಲ ಬಿಡು."

"ಏನೂ ಇಲ್ಲಂದ್ರ ಸೊನ್ನಿ ತೋರಸಬೇಕಿತ್ತಲ್ಲ?"

"ನಿಂದೊಂದು. ಮಳಿ ಬರೂದು ನೂರಕ್ಕ ನಾಕು ಅಂದ್ರ ಕೊಡಿ ತಗೊಂಡು ಹೊಂಟೀಯೇನು?"

"ರೆಕ್ಕಿ ಬಿರುಕು ಬಿಡೂದು ನೂರಕ್ಕ ನಾಕು ಅಂದ್ರ ನಾ ಮಶೀನು ನಿಲ್ಲಸ್ತೀನಿ, ಮಲ್ಲೂ."

ಮಾತ್ರೆ ನುಂಗಬೇಕೇ ಬೇಡವೇ ಎಂದು ಮುಂಗಾಣಿಯ ಜೊತೆಗಿದ್ದ ಚೀಟಿಯನ್ನು ಓದಿದಳು. ಐದಕ್ಕಿಂತ ಕಡಿಮೆಯಿದ್ದರೆ ನಿಮ್ಮ ಇಚ್ಛೆ ಎಂದಿತ್ತು. ಇಚ್ಛೆ ಏನೆಂದು ತಿಳಿಯುವ ಯಂತ್ರವನ್ನು ಇನ್ನೂ ಯಾರೂ ಮಾಡಿರಲಿಲ್ಲ. ಮಂಗಳವಾರ, ಬುಧವಾರ ಅವಳು ಡ್ರೋನ್ ಹಾರಿಸಿ ರೆಕ್ಕೆಗಳ ಚಿತ್ರ ತೆಗೆದಳು. ಒಮ್ಮೆ ನಿಂತರೆ ಎಂದು ಹೆದರುವಳು. ಮರುಗಳಿಗೆಯಲ್ಲೇ, ನಿಂತರೆ ಏನಾಯಿತು, ಗುರುನಾಥನ ಜೊತೆ ಬೇಡಿಕೊಂಡಿದ್ದು ಅದನ್ನೇ ಅಲ್ಲವೇ ಎಂದುಕೊಳ್ಳುವಳು. ಆಗ ಗುರುನಾಥನನ್ನೂ ಮಲ್ಹಾರಿಯನ್ನೂ ಒಟ್ಟಿಗೆ ನೆನೆದು ಅಳು ಬರುತ್ತಿತ್ತು. ಈ ಎಲ್ಲದರ ಹಿಂದೆ ಆ ಹಳದಿ ದೀಪ ಕಾಡುತ್ತಿತ್ತು. ಚೀಟಿಯ ಕೊನೆಯ ಸಾಲಿನಲ್ಲಿ, ಇರುವೆಯಂಥ ಅಕ್ಷರಗಳಲ್ಲಿ ಬರೆದಿದ್ದರು: ಎರಡು ಸುಳಿವುಗಳು ಪೂರ್ತಿ ಹೊಂದದಿದ್ದಾಗ ಹಳದಿ ದೀಪ ಬೆಳಗುತ್ತದೆ, ಆಗ ತಾರೀಖನ್ನು ನಂಬಿ ಲೆಕ್ಕ ಮಾಡಲಾಗಿದೆ.

ಶುಕ್ರವಾರ ಅವಳ ರಜೆಯ ದಿನ. ಗದಗಿನ ಮುಂಗಾಣಿ ಕೇಂದ್ರಕ್ಕೆ ಆ ಶುಕ್ರವಾರವೇ ಡಾಕ್ಟರ್ ವಾರಿಜಾ ಮಾಗಳದ ಬರುತ್ತಾರೆಂದು ಗೊತ್ತಿತ್ತು. ಮುಂಗಾಣಿಯನ್ನು ಮಾಡಿದವರೇ ಅವರು. ತಮ್ಮ ಯಂತ್ರ ಬಳಸಿದವರ ಮಾತು ಕೇಳಲು ವಾರಕ್ಕೊಂದು ಊರಿಗೆ ಹೋಗಿ ಕೂರುತ್ತಿದ್ದರು.

ಕೇಂದ್ರದಲ್ಲಿ ಹೆಸರು ಕೇಳುವ ಪದ್ಧತಿಯಿರಲಿಲ್ಲ. ಬಾಗಿಲಲ್ಲಿ ಕೂತಿದ್ದ ಹೆಂಗಸು ಒಂದು ಹೂವಿನ ಚಿತ್ರದ ಚೀಟಿ ಕೊಟ್ಟು, "ನೀವು ಕನಕಾಂಬರ. ಕೂಗ್ತೀನಿ, ಕೂಡ್ರಿ," ಎಂದಳು. ಪಕ್ಕದಲ್ಲಿ ಕೂತಿದ್ದ ಯಾರೋ ಅಪರಿಚಿತೆ ತನ್ನ ಕಡೆಗಿದ್ದ ಫ್ಯಾನನ್ನು ಇಂಪನಾಳ ಕಡೆಗೆ ಅರ್ಧ ತಿರುಗಿಸಿದಳು. ಇಂಪನಾ ತನ್ನ ಮುಖ ಬೆವರಿದೆಯೆಂದು ತಿಳಿದದ್ದು ಆಗಲೇ.

ವಾರಿಜಾ ಅರವತ್ತರ ಹತ್ತಿರದ, ಸಣ್ಣ ಆಳ್ತನದ ಹೆಂಗಸು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು.

"ಡಾಕ್ಟರ, ನಾಕ ಮಂದಿ ಯಾರ್ರಿ?" ಎಂದು ಇಂಪನಾ ಕೂರುತ್ತಲೇ ಕೇಳಿದಳು.

"ಹಂಗಂದ್ರ ಏನವಾ?"

"ನೂರ ಮಂದ್ಯಾಗ ನಾಕ ಮಂದಿಗೆ ನಿಲ್ಲತೈತಿ ಅಂತ ನಿಮ್ಮ ಮಶೀನು ಹೇಳತೈತಿ. ಆ ನಾಕ್ರಾಗ ನಾ ಅದೀನೋ ಇಲ್ಲೋ?"

"ಅದು ಮಶೀನಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ."

"ಮತ್ತ ಯಾಕ ಹೇಳತೈತಿ ಅದು?"

ವಾರಿಜಾ ನಕ್ಕರು. ನಗುವಿನ ತುದಿಯಲ್ಲಿ ಸ್ವಲ್ಪ ಸೋಲೂ ಇತ್ತು. "ಆರು ವರ್ಷದಾಗ ಇಷ್ಟ ನೆಟ್ಟಗ ಯಾರೂ ಕೇಳಿರಲಿಲ್ಲ. ಏನೂ ತಿಳೀದ ಕೂಡೂದಕ್ಕಿಂತ ಸ್ವಲ್ಪ ತಿಳಿದು ಕೂಡೂದು ಚಲೋ ಅಂತ ನಾ ಅನಕೊಂಡಿದ್ದೆ. ಕೆಲವೊಬ್ಬರು ನಿಮ್ಮ ಹಂಗ ಇನ್ನಷ್ಟು ಗೊಂದಲ ಮಾಡಿಕೊಂಡು ಬರ್ತಾರ."

"ಇನ್ನೊಂದು ಐತ್ರಿ. ಹಳದಿ ದೀಪ ಹತ್ತಿತ್ತು. ನಮ್ಮ ಕೆಲಸದಾಗ ಹಳದಿ ದೀಪ ಬಂತಂದ್ರ ನಾವು ಕಂಬ ಏರತೀವಿ. ಸುಮ್ಮ ಕೂಡಂಗಿಲ್ಲ."

ವಾರಿಜಾ ಮುಂಗಾಣಿಯನ್ನು ಇಸಿದುಕೊಂಡು ಮೇಜಿನ ಪರದೆಗೆ ಜೋಡಿಸಿದರು. ಎರಡು ಗೆರೆಗಳು ಮೂಡಿದವು. ಅವರ ಹುಬ್ಬು ಗಂಟಿಕ್ಕಿತು.

"ನೋಡ್ರಿ. ಸೋಮವಾರ ನಿಮ್ಮ ಉಗುಳು ಅಂಡ ಬಿಡೂದು ಇವತ್ತೋ ನಾಳೆಯೋ ಅಂತ ಹೇಳೇದ. ನಿಮ್ಮ ತಾರೀಖು ಇನ್ನೂ ನಾಕೈದು ದಿನ ಅದ ಅಂತ ಹೇಳತದ. ಎರಡರದೂ ಜಗಳ. ಅದಕ್ಕ ಹಳದಿ." ಆಮೇಲೆ ದನಿ ತಗ್ಗಿಸಿ ಕೇಳಿದರು, "ಆರನೇ ತಾರೀಖು ಅಂದ್ರಿ. ಅವತ್ತ ಏನೇನಾತು, ನೆನಪದ?"

"ನೆನಪಿಲ್ಲದೇನ್ರಿ, ಶನಿವಾರ. ಗೀಸರ್ ನೀರು ತಲಿಗೆ ಬ್ಯಾಡ ಅಂತ ಅತ್ತಿ ಒಲಿ ಮ್ಯಾಲ ನೀರು ಕಾಸಿದ್ರು. ಸೀಗೀಕಾಯಿ ಹಚ್ಚಿ ಎರದ್ರು. ಆಮ್ಯಾಲ ಕ್ಯಾಲೆಂಡರಿನ್ಯಾಗ ಬೊಟ್ಟು ಇಟ್ರು."

"ಮುಟ್ಟು ಸುರುವಾದ ದಿನಾನ ತಲೀಗೆ ನೀರು ಹಾಕೋತೀರಿ?"

"ಸುರುವಾದ ದಿನ ಅಲ್ರಿ. ಅದು ಮಂಗಳವಾರ. ನೀರು ಹಾಕೊಳ್ಳೂದು ಐದನೇ ದಿನ."

ವಾರಿಜಾ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಇಟ್ಟರು. ಹೊರಗೆ ಬಾಗಿಲ ಹೆಂಗಸು "ದಾಸವಾಳ ಬರ್ರಿ" ಎಂದು ಕೂಗುವುದು ಕೇಳಿಸಿತು.

"ನಿಮ್ಮನ್ಯಾಗ ತಾರೀಖು ಅಂದ್ರ ಆ ಬೊಟ್ಟು?"

"ಹೌದ್ರಿ. ಅಜ್ಜಿ ಮನ್ಯಾಗೂ ಹಂಗ. ಮೈನೆರೆದಾಗಿಂದ ಹಂಗ ಎಣಿಸ್ಕೊಂಡ ಬಂದೀನಿ." ಹೇಳುತ್ತಿದ್ದಂತೆ ಇಂಪನಾಳಿಗೆ ಏನೋ ತಪ್ಪಿದೆ ಎಂದು ಹೊಳೆಯಿತು. ಶಾಲೆಯಲ್ಲಿ ಓದಿರಲಿಲ್ಲವೆಂದಲ್ಲ. ಆದರೆ ಪುಸ್ತಕದ ಮೊದಲನೆಯ ದಿನ ಬೇರೆ, ಮನೆಯ ತಾರೀಖು ಬೇರೆ. ಅವೆರಡನ್ನೂ ಎದುರುಬದುರು ಕೂರಿಸುವ ಸಂದರ್ಭ ಅವಳಿಗೆ ಬಂದಿರಲಿಲ್ಲ.

"ನಾವು ಎಣಿಸೂದು ಕಲೆ ಕಂಡ ಮೊದಲನೇ ದಿನದಿಂದ, ತಂಗಿ." ವಾರಿಜಾ ಬೆರಳ ಗೆಣ್ಣುಗಳ ಮೇಲೆ ನಿಧಾನವಾಗಿ ಎಣಿಸಿದರು, ಯಂತ್ರ ಎದುರಿಗಿದ್ದರೂ. "ಮಂಗಳವಾರ, ಎರಡನೇ ತಾರೀಖಿನಿಂದ ಹಿಡಿದರ ಹದಿನಾಲ್ಕನೇ ತಾರೀಖು ಹದಿಮೂರನೇ ದಿನ. ಒಂಬತ್ತನೇದು ಅಲ್ಲ." ಅಂಕಿಯನ್ನು ತಿದ್ದಿದರು. ಹಳದಿ ದೀಪ ಆರಿತು. ಪರದೆಯ ಮೇಲೆ ಮೂವತ್ತೊಂದು ಎಂದು ಬಂತು.

ಇಂಪನಾ ಆ ಅಂಕಿಯನ್ನು ನೋಡುತ್ತಾ ಕೂತಳು. ನಾಲ್ಕನ್ನೇ ಐದು ದಿನ ಹೊತ್ತು ತಿರುಗಿದ್ದವಳಿಗೆ ಮೂವತ್ತೊಂದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ತಪ್ಪು ನಂದು," ಎಂದರು ವಾರಿಜಾ. "ನಿಂದಲ್ಲ. ಮಶೀನು ಮಾಡೂವಾಗ ನಾನ ಬರದಿದ್ದೆ, ಉಗುಳಿಗೂ ಮಾತಿಗೂ ಜಗಳ ಬಂದರ ಹೆಣ್ಣುಮಗಳ ಮಾತು ನಂಬು ಅಂತ. ದವಾಖಾನ್ಯಾಗ ನಮ್ಮ ಮಾತು ಯಾರೂ ನಂಬೂದಿಲ್ಲ ಅಂತ ನನಗ ಸಿಟ್ಟಿತ್ತು. ಮಶೀನರ ನಂಬಲಿ ಅಂತ ಮಾಡಿದೆ. ಆದ್ರ ನಾ ಏನ ಕೇಳಾಕತ್ತೀನಿ, ಅವರು ಏನಂತ ತಿಳಕೋತಾರ ಅಂತ ಒಬ್ಬರ ಮನ್ಯಾಗೂ ಹೋಗಿ ಕೂತು ಕೇಳಲಿಲ್ಲ." ಅವರ ಬೆರಳುಗಳು ಮೇಜಿನ ಅಂಚನ್ನು ಹಿಡಿದುಕೊಂಡಿದ್ದವು. "ಒಂಬತ್ತು ಮಂದ್ಯಾಗ ಒಬ್ಬರಿಗೆ ಹಳದಿ ಬರ್ತದ. ವೀಳ್ಯದೆಲಿ ತಿಂದು ಉಗುಳು ಕೆಟ್ಟಿರಬೇಕು ಅಂತ ಸುಮ್ಮ ಬಿಟ್ಟಿದ್ದೆ. ಅದರಾಗ ಎಷ್ಟ ಮನ್ಯಾಗ ಬೊಟ್ಟು ಅದಾವೋ."

ಆಮೇಲೆ ವಾರಿಜಾ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತರು.

"ಈಗ ನಿನ್ನ ಮಾತು. ಮಾತ್ರಿ ಅದ, ಆದ್ರ ಅಂಡ ಆಗಲೇ ಬಿಟ್ಟಿದ್ದರ ಅದರಿಂದ ಉಪಯೋಗ ಇಲ್ಲ, ಬಿಟ್ಟಿರಬೇಕು ಅಂತ ನನಗ ಅನಸ್ತದ. ಇನ್ನೊಂದು ದಾರಿ ಹಳೇದು. ಕಾಪರ್-ಟಿ. ತಾಮ್ರದ ತಂತಿ ಸುತ್ತಿದ ಸಣ್ಣ ಸಾಧನ, ಗರ್ಭಚೀಲದಾಗ ಇಡೂದು. ನಮ್ಮ ತಾಯಂದಿರ ಕಾಲದಿಂದಲೂ ಅದ. ಐದು ದಿನದೊಳಗ ಇಟ್ಟರ ಬಸಿರು ನಿಲ್ಲೂದು ಬಹಳ ಅಪರೂಪ. ನಿನ್ನ ಐದು ದಿನ ಇವತ್ತ ಸಂಜಿ ನಾಕಕ್ಕ ಮುಗೀತದ. ಇಲ್ಲಾ, ಏನೂ ಮಾಡದ ಕಾಯಬಹುದು. ನಿಂತರ ಆಮ್ಯಾಲೂ ದಾರಿ ಅದಾವ, ಯಾವ ಬಾಗಿಲೂ ಮುಚ್ಚಿಲ್ಲ. ನಿನಗ ಏನ ಬೇಕು?"

"ನನಗ ಗೊತ್ತಿಲ್ರಿ."

"ಗೊತ್ತಿಲ್ಲ ಅನ್ನೂದೂ ಉತ್ತರಾನ. ನಾಕರ ಮಟ ನಾ ಇಲ್ಲೇ ಇರ್ತೀನಿ. ಊಟಕ್ಕೂ ಏಳೂದಿಲ್ಲ."

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಇಂಪನಾ ಬಸ್ಸು ಹಿಡಿದು ಮನೆಗೆ ಹೋದಳು. ಯಾಕೆ ಹೋಗುತ್ತಿದ್ದೇನೆಂದು ಅವಳಿಗೆ ಸ್ಪಷ್ಟವಿರಲಿಲ್ಲ. ದಾರಿಯಲ್ಲಿ ಮಲ್ಹಾರಿಗೆ ಫೋನು ಮಾಡಿ ಅಂಕಿ ಹೇಳಿದಳು. ಅವನು ಈ ಸಲ ಮಳೆಯ ಮಾತು ಎತ್ತಲಿಲ್ಲ. "ನೀ ಹೆಂಗಂತೀ ಹಂಗ. ನಾ ಕೆಳಗಿಳದು ಬರ್ತೀನಿ, ಎಲ್ಲಿಗೆ ಬರಲಿ ಹೇಳು," ಎಂದ. ಕೇಂದ್ರದ ವಿಳಾಸ ಕೊಟ್ಟಳು.

ಶಶಿಕಲಾ ಅಡುಗೆಮನೆಯ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಬಂದು ಬಾಗಿಲಿಗೆ ಒರಗಿ ನಿಂತದ್ದನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಅತ್ತಿ, ನಿಮಗೊಂದು ಹೇಳಬೇಕು."

"ಹೇಳು."

ಇಂಪನಾ ಬಾಯಿ ತೆರೆದಳು. ಹೇಳಿದ ಮೇಲೆ ಈ ಅಡುಗೆಮನೆ, ಈ ರೊಟ್ಟಿಯ ಸಪ್ಪಳ, ಈ ಹೆಂಗಸು ತನಗೆ ಇದ್ದ ಹಾಗೆಯೇ ಇರುತ್ತಾರೆಯೇ? ಅದನ್ನು ನೂರಕ್ಕೆ ಇಷ್ಟು ಎಂದು ಹೇಳುವವರು ಯಾರೂ ಇರಲಿಲ್ಲ.

"ಕ್ರೇನಿನವನ ಸುದ್ದೀನೇನು?" ಎಂದಳು ಶಶಿಕಲಾ, ರೊಟ್ಟಿಯನ್ನು ತಿರುವುತ್ತಾ.

ಇಂಪನಾ ಕೆಳಗೆ ಕೂತೇಬಿಟ್ಟಳು.

"ಇಪ್ಪತ್ತೆಂಟು ವರ್ಷ ಟಿಕೆಟ್ ಹರದಾಕಿ ನಾ. ಮಕಾ ನೋಡಿದ್ರ ಯಾವ ಸ್ಟಾಪಿನ್ಯಾಗ ಇಳಿತಾರ ಅಂತ ಹೇಳತಿದ್ದೆ. ನಿನ್ನ ಓಢಣಿಗೆ ಗ್ರೀಸು ಹತ್ತಿಸಿಕೊಂಡು ಬಂದ ದಿನಾನ ಗೊತ್ತಾತು. ಡ್ರೋನ್ ಹಾರಸಾಕಿಗೆ ಗ್ರೀಸು ಎಲ್ಲಿಂದ ಬರಬೇಕು?"

"ಯಾಕ ಕೇಳಲಿಲ್ಲ, ಅತ್ತಿ?"

"ನೀ ಯಾಕ ಹೇಳಲಿಲ್ಲ?"

ಇಂಪನಾ ಎಲ್ಲವನ್ನೂ ಹೇಳಿದಳು. ಭಾನುವಾರ, ಮುಂಗಾಣಿ, ನಾಲ್ಕು, ಹಳದಿ ದೀಪ, ಮೂವತ್ತೊಂದು, ಸಂಜೆ ನಾಲ್ಕರ ಗಡುವು. ಬೊಟ್ಟಿನ ವಿಷಯಕ್ಕೆ ಬಂದಾಗ ಶಶಿಕಲಾ ಕೈಯಲ್ಲಿನ ಹಿಟ್ಟನ್ನು ಕೆಳಗಿಟ್ಟು ಗೋಡೆಯ ಕಡೆ ನೋಡಿದಳು.

"ನಾ ಇಟ್ಟ ಬೊಟ್ಟು?"

"ನಿಮ್ಮದೇನ ತಪ್ಪಿಲ್ಲ ಅತ್ತಿ. ಅದು..."

"ಮುಂದಿನ ತಿಂಗಳ ಯಾವತ್ತ ನೀರ ಕಾಸಬೇಕು ಅಂತ ನೆನಪಿಗೆ ಇಡತಿದ್ದೆ. ಅಷ್ಟ." ಬಹಳ ಹೊತ್ತು ಅವಳು ಆ ಕೆಂಪು ಚುಕ್ಕೆಯನ್ನೇ ನೋಡಿದಳು. ತವೆಯ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಇಂಪನಾ ಎದ್ದು ಒಲೆ ಆರಿಸಿದಳು.

"ನಾ ಕಾಲೇಜಿನ್ಯಾಗಿದ್ದಾಗ," ಎಂದು ಶಶಿಕಲಾ ಶುರುಮಾಡಿದಳು, ಬೇರೆ ಯಾರದೋ ಸುದ್ದಿ ಹೇಳುವಂತೆ, "ಹುಬ್ಬಳ್ಳಿ ಹಾಸ್ಟೆಲಿನ್ಯಾಗಿದ್ದೆ. ಎರಡ ಸಾವಿರದ ಹದಿನೈದೋ ಹದಿನಾರೋ. ನಿಮ್ಮ ಮಾವ ಆಗಿನ್ನೂ ಮಾವ ಆಗಿರಲಿಲ್ಲ ಬಿಡು, ಬರೇ ಪ್ರಕಾಶ. ಇಂಥದ್ದ ಒಂದು ದಿನ. ಔಷಧದ ಅಂಗಡಿ ಮುಂದ ಹೋಗಿ ನಿಂತೆ. ಮಾತ್ರಿ ಸಿಗತಿತ್ತು ಆಗ. ಚೀಟಿನೂ ಬೇಕಾಗಿದ್ದಿಲ್ಲ. ಅಂಗಡಿಯಂವ ಎಲ್ಲಾರಿಗೂ ಕೇಳೂಹಂಗ ಅಂದ, 'ಯಾರಿಗ್ರಿ ಮೇಡಂ? ಲಗ್ನ ಆಗೇತೇನು?' ನಾ ಏನಂದೆ ಗೊತ್ತೈತೇನು? 'ಕೆಮ್ಮಿನ ಔಷಧ ಕೊಡ್ರಿ' ಅಂದೆ. ತಗೊಂಡು ಬಂದೆ."

ಇಂಪನಾಳಿಗೆ ನಗು ಬಂದೇಬಿಟ್ಟಿತು. ಶಶಿಕಲಾಳೂ ನಕ್ಕಳು.

"ಇಪ್ಪತ್ತಮೂರು ದಿನ. ಬೆರಳಿನ್ಯಾಗ ಎಣಿಸಿದೆ. ಫೋನಿನ್ಯಾಗ ಹುಡಕಿದ್ರ ಒಬ್ಬಂವ ಏನೂ ಆಗೂದಿಲ್ಲ ಅಂತಿದ್ದ, ಇನ್ನೊಬ್ಬಂವ ಪಪ್ಪಾಯಿ ತಿನ್ನು ಅಂತಿದ್ದ. ಹಾಸ್ಟೆಲಿನ್ಯಾಗ ನಲವತ್ತ ಮಂದಿ ಹುಡುಗ್ಯಾರು, ಒಬ್ಬಾಕೀನೂ ಕೇಳಲಿಲ್ಲ ನಾ. ಕಡೀಕ ಏನೂ ಆಗಿರಲಿಲ್ಲ ಬಿಡು. ಮುಟ್ಟಾತು. ಆದ್ರ ಆ ಇಪ್ಪತ್ತಮೂರು ದಿನದಾಗ ನಾ ಉಂಡದ್ದು ಏನೂ ನೆನಪಿಲ್ಲ." ಅವಳು ಸೊಸೆಯ ಕಡೆಗೆ ತಿರುಗಿದಳು. "ಈ ಮಶೀನು ಬಂದಾಗ ನಾ ಅನಕೊಂಡೆ, ಪುಣ್ಯಾತ್ಗಿತ್ತಿ ಯಾರೋ ಮಾಡ್ಯಾರ, ಇನ್ನ ನಮ್ಮ ಹುಡುಗ್ಯಾರು ಹಂಗ ಕೂಡಂಗಿಲ್ಲ ಅಂತ. ಮಶೀನು ನಿನ್ನ ಕೈಯಾಗಿತ್ತು. ನಾ ಇದ ಮನ್ಯಾಗಿದ್ದೆ. ಆದ್ರೂ ನೀ ಐದು ದಿನ ಒಬ್ಬಾಕೀನ ಕೂತಿ."

ಇಂಪನಾ ಸೀದ ರೊಟ್ಟಿಯನ್ನು ತವೆಯಿಂದ ತೆಗೆದಿಟ್ಟಳು.

"ನಿನಗ ಕೂಸು ಬೇಕೇನು?"

ಡಾಕ್ಟರು ಕೇಳಿದ ಪ್ರಶ್ನೆಯೇ. ಆದರೆ ಈ ಸಲ ಅವಳು ಕೂಡಲೇ ಗೊತ್ತಿಲ್ಲ ಅನ್ನಲಿಲ್ಲ. ಇಲ್ಲಿಯವರೆಗೆ ತಾನು ಯೋಚಿಸಿದ್ದು ಕೂಸಿನ ಬಗ್ಗೆ ಅಲ್ಲವೇ ಅಲ್ಲ, ಅತ್ತೆಯ ಮುಖದ ಬಗ್ಗೆ ಮಾತ್ರ ಎಂದು ಅವಳಿಗೆ ಅರಿವಾಯಿತು. ಆ ಮುಖ ಈಗ ಎದುರಿಗಿತ್ತು, ಇದ್ದ ಹಾಗೆಯೇ ಇತ್ತು. ಅದನ್ನು ಪಕ್ಕಕ್ಕಿಟ್ಟು ನೋಡಿದರೆ ಉಳಿದದ್ದು ಬಹಳ ಸಣ್ಣ, ಬಹಳ ತಿಳಿಯಾದ ಒಂದು ಮಾತು.

"ಈಗ ಬ್ಯಾಡ, ಅತ್ತಿ. ಮುಂದ ಬೇಕಾಗಬಹುದು. ಬೇಕಂತ ಹೇಳಿ ಬೇಕಾಗಬೇಕು. ಹೆದರಕೊಂಡು ಅಲ್ಲ."

"ಹಂಗಾರ ನಡಿ. ಕೈ ತೊಳಕೊಂಡು ಬರ್ತೀನಿ."

"ನೀವೂ ಬರ್ತೀರಿ?"

"ಮತ್ತ? ಕೆಮ್ಮಿನ ಔಷಧ ತಗೊಂಡು ಬಂದೀ ನೀ ಒಬ್ಬಾಕಿನ ಹೋದ್ರ."

ಕೇಂದ್ರ ತಲುಪಿದಾಗ ಎರಡೂಕಾಲು. ಬಾಗಿಲ ಹೆಂಗಸು ಶಶಿಕಲಾಳಿಗೂ ಒಂದು ಚೀಟಿ ಕೊಡಲು ಹೋದಳು. "ನನಗ್ಯಾಕವಾ ಹೂವು? ನಾ ಕನಕಾಂಬರದಾಕಿ ಜೋಡಿ," ಎಂದು ಅವಳು ಬೆಂಚಿನ ಮೇಲೆ ಚೀಲವನ್ನಿಟ್ಟು ಕೂತಳು. ವಾರಿಜಾ ಮಾತು ಕೊಟ್ಟಂತೆ ಕುರ್ಚಿಯಿಂದ ಎದ್ದಿರಲಿಲ್ಲ. ಅಷ್ಟರಲ್ಲಿ ತಮ್ಮ ಸಹಾಯಕರಿಗೆಲ್ಲ ಸುದ್ದಿ ಮುಟ್ಟಿಸಿ, ರಾಜ್ಯದ ಎಲ್ಲ ಮುಂಗಾಣಿಗಳೂ ಹಳದಿ ದೀಪ ಬಂದಾಗ ಅಂಕಿ ತೋರಿಸದೆ, ದಯವಿಟ್ಟು ಯಾರನ್ನಾದರೂ ಕಾಣಿ ಎಂದು ಹೇಳುವಂತೆ ಮಾಡಿದ್ದರು. ಹಳದಿ ದೀಪ ಕಂಡಿದ್ದವರನ್ನು ಹೇಗೆ ಹುಡುಕುವುದು ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಹೆಸರು ಕೇಳದೆ ಕೊಟ್ಟ ಯಂತ್ರ ಅದು.

"ಪ್ರಶ್ನೇನೂ ಬದಲಿಸಬೇಕು," ಎಂದರು, ಕೈಗವಸು ಹಾಕಿಕೊಳ್ಳುತ್ತಾ. "ಹೆಂಗ ಕೇಳಲಿ ನೀನ ಹೇಳು."

"ಮೊದಲ ಕಲೆ ಕಂಡದ್ದು ಯಾವತ್ತು ಅಂತ ಕೇಳ್ರಿ. ತಾರೀಖು ಅನ್ನಬ್ಯಾಡ್ರಿ." ಇಂಪನಾ ಚಾವಣಿ ನೋಡುತ್ತಾ ಯೋಚಿಸಿದಳು. "ಮತ್ತ, ಇದನ್ನ ಯಾರಿಗರ ಹೇಳೀರೇನು ಅಂತನೂ ಕೇಳ್ರಿ."

ವಾರಿಜಾ ಕ್ಷಣ ಕೈ ನಿಲ್ಲಿಸಿದರು. "ಅದರ ಲೆಕ್ಕ ಯಾವ ಪಟ್ಟೀಲೂ ಬರೂದಿಲ್ಲ."

"ಬರಬೇಕಂತಿಲ್ರಿ. ಕೇಳಿದ್ರ ಸಾಕು."

ಕಾಪರ್-ಟಿ ಇಡುವ ಕೆಲಸ ಮುಗಿಯಲು ಹತ್ತು ನಿಮಿಷ ಹಿಡಿಯಿತು. ಕಿಬ್ಬೊಟ್ಟೆಯಲ್ಲಿ ಹಿಂಡಿದಂತೆ ನೋವಾಯಿತು. ವಾರಿಜಾ ಬಿಸಿನೀರಿನ ಚೀಲ ತಂದಿಟ್ಟರು. ಮುಂಗಾಣಿಗೆ ಹೊಸ ಸಂಗತಿ ತಿಳಿಸಿದಾಗ ಮೂವತ್ತೊಂದು ಕರಗಿ, ಒಂದಕ್ಕಿಂತ ಕಡಿಮೆ ಎಂದಾಯಿತು.

"ಈಗಲೂ ಸೊನ್ನಿ ಇಲ್ಲೇನ್ರಿ?"

"ಸೊನ್ನಿ ತೋರಸಾಕ ನನಗ ಬರೂದಿಲ್ಲವಾ. ಮೂರು ವಾರ ಬಿಟ್ಟು ಒಮ್ಮೆ ಪರೀಕ್ಷಾ ಮಾಡಿಸ್ಕೊ. ಅಲ್ಲೀಮಟ ಇಷ್ಟರಾಗ ಇರಬೇಕು."

ಇಷ್ಟರಲ್ಲಿ ಇರುವುದು ಹೇಗೆಂದು ಇಂಪನಾಳಿಗೆ ಈಗಲೂ ಪೂರ್ತಿ ತಿಳಿದಿರಲಿಲ್ಲ. ಹಗುರವಾಯಿತೇ, ಏನನ್ನೋ ಕಳೆದುಕೊಂಡೆನೇ, ಎರಡೂ ಆಯಿತೇ ಎಂದು ಗೊಂದಲದಲ್ಲೇ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಬಾಗಿಲವರೆಗೆ ಬಂದಳು.

ಹೊರಗಿನ ಓಣಿಯಂಥ ಜಾಗದಲ್ಲಿ ಮಲ್ಹಾರಿ ನಿಂತಿದ್ದ. ಹೆಲ್ಮೆಟ್ಟನ್ನು ಎದೆಗೆ ಅವಚಿಕೊಂಡಿದ್ದ; ತೋಳಿನವರೆಗೂ ಎಣ್ಣೆಯ ಕಲೆ, ತುಟಿ ಒಣಗಿತ್ತು. ಹೆಂಗಸರೇ ಕೂತಿದ್ದ ಆ ಸಾಲಿನಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಗೆ ಅಂಟಿಕೊಂಡಿದ್ದ. ಶಶಿಕಲಾ ಬೆಂಚಿನಿಂದ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಅವನು ಕೈ ಮುಗಿಯಲು ಹೋದ, ಹೆಲ್ಮೆಟ್ಟು ಅಡ್ಡ ಬಂತು.

ಅವಳು ತನ್ನ ಪಕ್ಕದಲ್ಲಿದ್ದ ಚೀಲವನ್ನು ಕೆಳಗಿಳಿಸಿ ಜಾಗ ಮಾಡಿದಳು. ಅದರೊಳಗಿಂದ ಬಟ್ಟೆಯಲ್ಲಿ ಸುತ್ತಿದ ಬುತ್ತಿಯನ್ನು ತೆಗೆದು ಗಂಟು ಬಿಚ್ಚಿದಳು. ನಾಲ್ಕು ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಹಿಡಿ ಶೇಂಗಾ ಚಟ್ನಿ. ಹೆಲ್ಮೆಟ್ಟನ್ನು ಅವನ ಕೈಯಿಂದ ಇಸಿದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವನ ಎರಡೂ ಕೈ ಸೇರಿಸಿ ಬುತ್ತಿಯನ್ನು ಅವುಗಳ ಮೇಲಿಟ್ಟಳು.